ಸೈಲೆನ್ಸರಿಗೆ ಅಂಟಿದ ಕೆಂಪು

ನಮ್ಮಣ್ಣನ ಮೂಗು ಬಹಳ ಚುರುಕು. ಸಣ್ಣವನಿದ್ದಾಗ ಒಲೆಯ ಮೇಲಿನ ಹಾಲು ತಳ ಹಿಡಿಯುವ ಮೊದಲೇ ಬೀದಿಯಲ್ಲಿ ನಿಂತು ಹೇಳಿಬಿಡುತ್ತಿದ್ದ. ಆ ಮೂಗು ಸಂಜೆ ನಮ್ಮ ಮನೆಗೆ ಬರುವುದಿತ್ತು. ಅಪ್ಪನ ಕಾರು ಬೆಳಿಗ್ಗೆಯಿಂದ ಸುಟ್ಟ ಪ್ಲಾಸ್ಟಿಕ್ಕಿನ ನಾತ ಹೊಡೆಯುತ್ತಿತ್ತು.

ಅಣ್ಣ ಬರುತ್ತಿದ್ದುದೇ ಕಾರಿನ ಕೀ ತೆಗೆದುಕೊಂಡು ಹೋಗಲು. ಅಪ್ಪನಿಗೆ ವಯಸ್ಸಾಯಿತು, ಇನ್ನು ಗಾಡಿ ಮುಟ್ಟುವುದು ಬೇಡ ಎಂದು ಫೋನಿನಲ್ಲಿ ನನ್ನ ತಲೆ ತಿನ್ನುತ್ತಿದ್ದ. ನಾನು ಒಪ್ಪಿರಲಿಲ್ಲ. ಜೀವಮಾನವೆಲ್ಲ ಬಸ್ಸು ಓಡಿಸಿ ಒಂದು ಕೋಳಿಯ ಮೇಲೂ ಚಕ್ರ ಹತ್ತಿಸದ ಮನುಷ್ಯ ಅವನು. ಅಮ್ಮ ಹೋದ ಮೇಲೆ ಮಗಳಾದ ನನ್ನ ಮನೆಗೆ ಬಂದು ಸೇರಿದ ಅಪ್ಪ ಊಟಕ್ಕೆ ಕೂತಾಗಲೂ ನೆಂಟರ ಹಾಗೆ ಮುದುಡಿ ಕೂರುತ್ತಾನೆ. ಸ್ಟಿಯರಿಂಗ್ ಹಿಡಿದರೆ ಮಾತ್ರ ಬೆನ್ನು ನೆಟ್ಟಗಾಗುತ್ತದೆ. "ಬಂದು ನೋಡು. ಗಾಡೀಲಿ ಒಂದೇ ಒಂದು ಗೀರು ತೋರಿಸಿ ಆಮೇಲೆ ಕೀ ಕೇಳು" ಎಂದು ಅಣ್ಣನಿಗೆ ಸವಾಲು ಹಾಕಿದ್ದೆ. ಅವನು ಬರುತ್ತೇನೆ ಎಂದುಬಿಟ್ಟ.

ಆ ಬೆಳಿಗ್ಗೆ ಅಪ್ಪ ತರಕಾರಿ ತರಲು ಕಾರಿನಲ್ಲಿ ಹೋಗಿ ಬಂದ ಮೇಲೆ ಕಾರಿನಡಿ ನೆಲದ ಮೇಲೆ ಕೆಂಪು ಹನಿಗಳು ಕಂಡವು. ಬಗ್ಗಿ ಟಾರ್ಚು ಬಿಟ್ಟೆ. ಸೈಲೆನ್ಸರಿನ ಪೈಪಿಗೆ ಏನೋ ಕರಗಿ ಮೆತ್ತಿಕೊಂಡು ತೆಳ್ಳಗೆ ಹೊಗೆಯಾಡುತ್ತಿತ್ತು.

"ಯಾವುದೋ ಪ್ಲಾಸ್ಟಿಕ್ ಕವರು. ಬೀದಿ ತುಂಬಾ ಅದೇ ಬಿದ್ದಿರುತ್ತಲ್ಲ," ಎಂದ ಅಪ್ಪ.

"ಅಣ್ಣ ಬರೋದ್ರೊಳಗೆ ತೆಗೀಬೇಕು. ಇಲ್ದಿದ್ರೆ ಇದನ್ನೇ ಹಿಡ್ಕೊಂಡು ಕುಣೀತಾನೆ."

ಅಪ್ಪ ಮರದ ದಿಮ್ಮಿಗಳನ್ನಿಟ್ಟು, ಹಿಂದಿನ ಚಕ್ರಗಳನ್ನು ಅವುಗಳ ಮೇಲೆ ಹತ್ತಿಸಿ ನಿಲ್ಲಿಸಿದ. ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಇದನ್ನು ಅಣ್ಣ ನೋಡಬೇಕಿತ್ತು ಎಂದುಕೊಂಡೆ.

"ತೀರಾ ತಣ್ಣಗಿದ್ರೆ ಕಲ್ಲಾಗುತ್ತೆ, ತೀರಾ ಬಿಸಿಯಿದ್ರೆ ಗೋಂದಾಗುತ್ತೆ," ಎಂದು ಪಾಠ ಹೇಳಿದ. "ಇಂಜಿನ್ ಸ್ವಲ್ಪ ಓಡಿಸಿ ಆಫ್ ಮಾಡ್ತೀನಿ. ಮೆತ್ತಗಾದ ತಕ್ಷಣ ಕೆರೀಬೇಕು. ಕಬ್ಬಿಣ ಮುಟ್ಟಿಸ್ಬೇಡ. ಇಂಜಿನ್ ಓಡೋವಾಗ ಅಡೀಲಿ ತೂರ್ಬೇಡ."

ಮಂಡಿನೋವಿನ ಅಪ್ಪ ಸೀಟಿನಲ್ಲಿ ಕೂತ. ನಾನು ಅಡುಗೆಮನೆಯ ಮರದ ಸಟ್ಟುಗ ಹಿಡಿದು ಹಿಂದೆ ಕುಕ್ಕರಗಾಲಲ್ಲಿ ಕೂತೆ. ಇಂಜಿನ್ ಗುರುಗುಟ್ಟಿತು. ನೋಡನೋಡುತ್ತಲೇ ಕೆಂಪು ಮುದ್ದೆ ಹೊಳೆಯತೊಡಗಿ, ಹೊಗೆ ದಟ್ಟವಾಗಿ ಕಣ್ಣಿಗೆ ಅಡರಿತು.

"ಸಾಕಪ್ಪ, ಆಫ್ ಮಾಡು."

ಇಂಜಿನ್ ಓಡುತ್ತಲೇ ಇತ್ತು. ಇನ್ನಷ್ಟು ಜೋರಾಗಿ ಕೂಗಿದೆ. ಮುದ್ದೆಯಿಂದ ಉರಿಯುವ ಹನಿಯೊಂದು ನೆಲಕ್ಕೆ ಬಿದ್ದು ಸಿಡಿದು ನನ್ನ ಮಣಿಕಟ್ಟಿಗೆ ತಗುಲಿತು. ಎದ್ದು ಓಡಿಹೋಗಿ ಬಾಗಿಲಿಗೆ ಬಡಿದೆ. ಅಪ್ಪ ಬೆಚ್ಚಿ ತಿರುಗಿ ಆಫ್ ಮಾಡಿದ.

"ಬಡಿಯೋದ್ಯಾಕೆ? ಕರೆದಿದ್ರೆ ಆಗ್ತಿರ್ಲಿಲ್ವಾ?"

ಗಾಜು ಏರಿಸಿಕೊಂಡು ಕೂತಿದ್ದಾನೆ, ಅದಕ್ಕೇ ಕೇಳಿಸಿಲ್ಲ ಎಂದುಕೊಂಡೆ. ಗಾಜು ಪೂರ್ತಿ ಇಳಿದಿತ್ತು. ಅದನ್ನು ನೋಡಿಯೂ ನೋಡದವಳಂತೆ ಕೈಗೆ ನೀರು ಸುರಿದುಕೊಂಡು ಕಾರಿನಡಿಗೆ ತೂರಿದೆ. ಆ ಹೊತ್ತಿಗೆ ನನಗೆ ಬೇಕಾಗಿದ್ದುದು ಪೈಪು ಶುಚಿಯಾಗುವುದೊಂದೇ.

ಮುದ್ದೆ ಸಿಪ್ಪೆಸಿಪ್ಪೆಯಾಗಿ ಬಂತು. ಕವರು ಇಷ್ಟು ದಪ್ಪ ಇರುವುದಿಲ್ಲವಲ್ಲ ಎಂದು ಕೆರೆಯುತ್ತಲೇ ಅನುಮಾನ ಹತ್ತಿತು. ಪೈಪನ್ನು ಹಿಡಿದ ಕೊಕ್ಕೆಯ ಹತ್ತಿರ ಗಟ್ಟಿ ತುಂಡೊಂದು ಸಿಕ್ಕಿಹಾಕಿಕೊಂಡಿತ್ತು. ಬಟ್ಟೆ ಸುತ್ತಿ ಹಿಡಿದು ಎಳೆದೆ. ಕೈಗೆ ಬಂದದ್ದು ಅರ್ಧ ಕರಗಿದ ಪಟ್ಟಿ, ಅದರ ತುದಿಯಲ್ಲಿ ಉಗುರಿನಷ್ಟು ಸಣ್ಣ ಬಕಲು. ಪುಟ್ಟ ಮಗುವಿನ ಸ್ಯಾಂಡಲ್ಲು.

ಮುಚ್ಚಿಡೋಣ ಎನ್ನಿಸಿತು. ಹೌದು, ಮೊದಲು ಅನ್ನಿಸಿದ್ದು ಅದೇ. ಆದರೆ ಅಪ್ಪ ಆಗಲೇ ಇಳಿದು ಬಂದು ಕೈ ಚಾಚಿ ನಿಂತಿದ್ದ. ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಆ ಬದಿ ಈ ಬದಿ ತಿರುಗಿಸಿ ನೋಡಿದ.

"ಇದರೊಳಗೆ ಕಾಲಿತ್ತೇನೇ?" ಎಂದು ಕೇಳಿದ.

"ಏನ್ ಮಾತಪ್ಪ ಅದು. ಹಾಗೇನಾದ್ರೂ ಆಗಿದ್ರೆ ನಿನಗೆ ಗೊತ್ತಾಗ್ತಿರ್ಲಿಲ್ವಾ?"

"ಅದನ್ನೇ ಕೇಳ್ತಿರೋದು. ಗೊತ್ತಾಗ್ತಿತ್ತಾ?"

ನಮ್ಮ ಬೀದಿಯಲ್ಲಿ ಕೆಂಪು ಸ್ಯಾಂಡಲ್ ಹಾಕಿಕೊಂಡು ಓಡಾಡುವುದು ಒಬ್ಬಳೇ, ಎದುರುಮನೆ ಟೈಲರಮ್ಮನ ಮಗಳು. ಎಲ್ಲರೂ ಗುಬ್ಬಿ ಎನ್ನುತ್ತೇವೆ. ಬಿಸಿಲೇರಿದರೆ ನಮ್ಮ ಕಾರಿನ ಹಿಂದಿನ ನೆರಳೇ ಅವಳ ಆಟದ ಮನೆ. ನಾವಿಬ್ಬರೂ ಎದುರುಮನೆಯ ಕಡೆ ನೋಡಿದೆವು. ದಿನವಿಡೀ ಕಟಕಟ ಅನ್ನುವ ಹೊಲಿಗೆ ಯಂತ್ರದ ಸದ್ದಿರಲಿಲ್ಲ. ಬಾಗಿಲಿಗೆ ಬೀಗ ಹಾಕಿತ್ತು.

ಪಕ್ಕದ ಇಸ್ತ್ರಿ ಅಂಗಡಿಯವನನ್ನು ಕೇಳಿದೆ.

"ಮಗೂನ ಎತ್ಕೊಂಡು ಹೋದ್ರಕ್ಕ. ಸಿಕ್ಕಾಪಟ್ಟೆ ಅಳ್ತಿತ್ತು. ನನಗೆ ಗಿರಾಕಿ ಇದ್ರು, ಏನು ಅಂತ ಕೇಳಕ್ಕಾಗ್ಲಿಲ್ಲ."

"ಎಲ್ಲಿಗೆ?"

"ಆಸ್ಪತ್ರೆ ಕಡೆಯ ರಸ್ತೇಲಿ ಹೋದ್ರು."

ಅವನ ಬಾಯಿ ಆಡುವುದನ್ನೇ ನೋಡುತ್ತಿದ್ದ ಅಪ್ಪ ನನ್ನ ಕಡೆ ತಿರುಗಿ, "ಏನಂದ?" ಎಂದ. ನಾನು ರಸ್ತೆಯತ್ತ ಕೈ ತೋರಿಸಿದೆ. ಮೆಟ್ಟಿಲಿಳಿಯಲು ನನ್ನ ಭುಜ ಹಿಡಿಯುವ ಮನುಷ್ಯ ನನಗಿಂತ ಮುಂದೆ ನಡೆದ. ಕರಗಿದ ಪಟ್ಟಿ ಅವನ ಮುಷ್ಟಿಯಲ್ಲೇ ಇತ್ತು. ಅವನ ಹಿಂದೆ ಓಡುತ್ತ ನಾನು ಕಂಡಕಂಡ ದೇವರಿಗೆಲ್ಲ ಕೈ ಮುಗಿದೆ. ಕೀ ಹೋಗಲಿ, ಕಾರು ಹೋಗಲಿ, ಅಣ್ಣನ ಮುಂದೆ ನನ್ನ ಮಾನವೂ ಹೋಗಲಿ, ಆ ಮಗುವಿನ ಕಾಲೊಂದು ನೆಟ್ಟಗಿರಲಿ ಎಂದೆ.

ಆಸ್ಪತ್ರೆಯ ತಿರುವಿಗೆ ಮೊದಲು ಒಂದು ಚಪ್ಪಲಿ ಅಂಗಡಿ. ಅಪ್ಪ ಅದರ ಮುಂದೆ ಗಕ್ಕನೆ ನಿಂತ. ಒಳಗೆ ಸ್ಟೂಲಿನ ಮೇಲೆ ಗುಬ್ಬಿ ಕೂತಿದ್ದಳು. ಬರಿಗಾಲುಗಳನ್ನು ಇಳಿಬಿಟ್ಟು ಆಡಿಸುತ್ತಿದ್ದಳು. ಎರಡೂ ಕಾಲು. ನನಗೆ ಅಲ್ಲೇ ಅಳು ಬಂತು.

"ಅಯ್ಯೋ, ನೀವ್ಯಾಕಕ್ಕ ಹೀಗೆ ಓಡಿ ಬಂದ್ರಿ?" ಎಂದಳು ಟೈಲರಮ್ಮ. ಅಪ್ಪ ಮುಷ್ಟಿ ಬಿಚ್ಚಿ ತೋರಿಸಿದ. ಅವಳು ಅದನ್ನು ಬೆರಳಿಂದ ಮುಟ್ಟಿ ನೋಡಿದಳು.

"ಚಪ್ಪಲಿ ಬಿಚ್ಚಿಟ್ಟು ನಿಮ್ಮ ಕಾರಿನ ಹಿಂದೆ ಮನೆಯಾಟ ಆಡ್ತಿದ್ಲು," ಎಂದಳು ಆಮೇಲೆ. "ಹಾಲು ಕುಡಿಸೋಣ ಅಂತ ಎತ್ಕೊಂಡೆ, ಅಷ್ಟೇ. ನಾನಿನ್ನೂ ರಸ್ತೆ ದಾಟಿರ್ಲಿಲ್ಲ, ಗಾಡಿ ಹಿಂದಕ್ಕೆ ಬಂತು. ಕೂಗ್ದೆ ತಾತ. ಗಂಟಲು ಹರಿಯೋ ಹಾಗೆ ಕೂಗ್ದೆ. ನೀವು ತಿರುಗಿ ನೋಡ್ಲೇ ಇಲ್ಲ. ಒಂದು ಚಪ್ಪಲಿ ಉಳೀತು, ಇನ್ನೊಂದು ಗಾಡಿ ಅಡೀಲಿ ಸಿಕ್ಕಿ ಹೋಯ್ತು. ಆಗಿನಿಂದ ಒಂದೇ ರಂಪ ಇವಳದು."

ಅವಳು ಬೈದಿದ್ದರೆ ಚೆನ್ನಾಗಿತ್ತು. ಅಪ್ಪ ಗೋಡೆ ಹಿಡಿದು ನೆಲಕ್ಕೆ ಮಂಡಿಯೂರಿದ. ಅಂಗಡಿಯವನ ಕೈಯಿಂದ ಹೊಸ ಸ್ಯಾಂಡಲ್ ತೆಗೆದುಕೊಂಡು ಗುಬ್ಬಿಯ ಕಾಲಿಗೆ ತೊಡಿಸಿ, ಬಕಲು ಹಾಕಿದ.

"ತಾತ, ನಿನ್ನ ಕಾರು ನನ್ನ ಚಪ್ಪಲಿ ತಿಂತು," ಎಂದಳು ಗುಬ್ಬಿ. ಅದು ಅವನಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ದಾರಿಯಲ್ಲಿ ದೇವರಿಗೆ ಹೇಳಿದ್ದೆಲ್ಲ ಮನೆ ಮುಟ್ಟುವಷ್ಟರಲ್ಲಿ ನನಗೆ ಮರೆತುಹೋಗಿತ್ತು. ನಾಚಿಕೆಗೆಟ್ಟವಳು ನಾನು. ಬಂದವಳೇ ಮತ್ತೆ ಕಾರಿನಡಿಗೆ ತೂರಿ, ತಣ್ಣಗಾಗಿದ್ದ ಪೈಪನ್ನು ಪಾತ್ರೆ ತಿಕ್ಕುವ ನಾರಿನಿಂದ ಫಳಫಳ ಹೊಳೆಯುವ ಹಾಗೆ ಉಜ್ಜಿದೆ. ಕಾರನ್ನು ದಿಮ್ಮಿಗಳಿಂದ ಇಳಿಸಿ, ನೆಲದ ಕೆಂಪು ಹನಿಗಳನ್ನೂ ಕೆರೆದು ತೆಗೆದೆ. "ಮಗೂಗೆ ಏನೂ ಆಗಿಲ್ವಲ್ಲಪ್ಪ. ಅಣ್ಣನ ಹತ್ರ ಬಾಯಿ ಬಿಡ್ಬೇಡ," ಎಂದೆ. ಅಪ್ಪ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಕೈಯಲ್ಲಿದ್ದ ಪಟ್ಟಿಯನ್ನೇ ನೋಡುತ್ತಿದ್ದ.

ಸಂಜೆ ಅಣ್ಣ ಬಂದ. ಕಾರಿನ ಬಾಗಿಲು ತೆರೆದು ಮೂಸಿದ, ಸುತ್ತ ಒಂದು ಸುತ್ತು ಬಂದ, ಪ್ಯಾಂಟು ಮಣ್ಣಾಗುವುದನ್ನೂ ಲೆಕ್ಕಿಸದೆ ಬಗ್ಗಿ ಅಡಿಯಲ್ಲೂ ನೋಡಿದ.

"ಗಾಡೀನ ಚೆನ್ನಾಗಿಟ್ಟಿದ್ದಾನೆ ಕಣೇ," ಎಂದ ಕೊನೆಗೆ. "ನಾನೇ ಸುಮ್ಸುಮ್ನೆ ಹೆದರಿದ್ನೇನೋ. ಅಪ್ಪ, ಕೀ ನಿನ್ನ ಹತ್ರಾನೇ ಇರ್ಲಿ ಬಿಡು."

ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅಪ್ಪ ಎದ್ದು ಬಂದು ಕಾರಿನ ಕೀಯನ್ನು ಅಣ್ಣನ ಕೈಯಲ್ಲಿಟ್ಟ. ಅದರ ಪಕ್ಕದಲ್ಲೇ ಆ ಕರಗಿದ ಪಟ್ಟಿಯನ್ನೂ ಇಟ್ಟ.

"ಏನಪ್ಪ ಇದು? ಇಟ್ಕೋ ಅಂದ್ನಲ್ಲ," ಎಂದ ಅಣ್ಣ. ಅಪ್ಪ ಅವನ ತುಟಿಗಳನ್ನೇ ನೋಡುತ್ತಿದ್ದ. ಅಣ್ಣ ಮತ್ತೊಮ್ಮೆ ಅದನ್ನೇ ಹೇಳಿ, ಪಟ್ಟಿಯನ್ನೆತ್ತಿ ನನ್ನ ಮುಖ ನೋಡಿದ. "ಏನೇ ಇದು?"

ನಾನು ಅಪ್ಪನ ಕಡೆ ತಿರುಗಿದೆ. ಅಪ್ಪ ನನಗೆ ತಲೆಯಾಡಿಸಿದ.

"ನೀನೇ ಹೇಳಮ್ಮ," ಎಂದ. "ಮಧ್ಯೆ ಅವನೇನಾದ್ರೂ ಕೇಳಿದ್ರೆ ನನಗೆ ಕೇಳ್ಸಲ್ಲ."