ಕರಿಯಾನೂ ಊರು ಬಿಡೂದಿಲ್ಲ, ಡ್ರೋನೂ ಬಿಡೂದಿಲ್ಲ

ಮಳೆ ಬಿಟ್ಟ ಮೇಲೆ ಎರೆ ಹೊಲಕ್ಕೆ ಕಾಲಿಡುವುದೆಂದರೆ ಏನೆಂದು ನವಲಗುಂದ ಕಡೆಯವರಿಗೆ ಹೇಳಬೇಕಾಗಿಲ್ಲ. ಚಪ್ಪಲಿ ಒಂದು ಕಡೆ, ಕಾಲು ಒಂದು ಕಡೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಕೀಟನಾಶಕದ ಎಣ್ಣೆ ಹೊಡೆಯಲು ಆಳು ಸಿಗುವುದಿಲ್ಲ, ಸಿಕ್ಕರೂ ಆ ಕೆಸರಿನಲ್ಲಿ ನಡೆಯಲಾಗುವುದಿಲ್ಲ. ಅಷ್ಟರಲ್ಲಿ ಕೀಡೆಹುಳ ಹೆಸರುಕಾಳಿನ ಬೆಳೆಯ ಹೂವನ್ನೆಲ್ಲ ತಿಂದು ತೇಗಿರುತ್ತದೆ. ಅದಕ್ಕೇ ನಮ್ಮ ಮಹಿಳಾ ಸಂಘದ ಸವಿತಾ ಡ್ರೋನ್ ಹಾರಿಸುವ ತರಬೇತಿ ಮುಗಿಸಿ, ಪರವಾನಗಿ ತೆಗೆದುಕೊಂಡು ಬಂದಳು.

"ಹೆಂಗಸರ ಕೈಯಾಗ ವಿಮಾನ ಕೊಟ್ರ ಊರ ಮ್ಯಾಲೇ ಬೀಳ್ತೈತಿ" ಎಂದು ಹೊಳೆಪ್ಪನವರು ನಕ್ಕಿದ್ದರು. ಅವರು ಊರಿಗೇ ದೊಡ್ಡ ಹೊಲದವರು. ಸವಿತಾ ಬೇಕೆಂದೇ ಮೊದಲು ಅವರ ಹೊಲಕ್ಕೇ ಹೋದಳು.

ಅವತ್ತು ಊರಿಗೆ ಊರೇ ಒಡ್ಡಿನ ಮೇಲೆ ನಿಂತಿತ್ತು. ಡ್ರೋನ್ ಎಣ್ಣೆ ಹೊಡೆದು ಮುಗಿಸಿ, ಬುತ್ತಿಗಂಟು ಇಟ್ಟಿದ್ದ ಬೇವಿನ ಗಿಡದ ಬಾಜು ಇಳಿಯತೊಡಗಿತು. ಜನರಿಗೆ ಖುಷಿಯೋ ಖುಷಿ. ಗಂಡಸರು ಸಿಳ್ಳೆ ಹೊಡೆದರು, ಹುಡುಗರು ಕೇಕೆ ಹಾಕಿದರು. ಅಷ್ಟೇ ತಡ, ಬಾಜು ಹೊಲದಲ್ಲಿದ್ದ ಕೆಂಚವ್ವನ ನಾಯಿ ಕರಿಯಾ ಓಡಿ ಬಂದು ಡ್ರೋನಿನ ಮೇಲೆ ಜಿಗಿಯಿತು. ಸವಿತಾ ತಕ್ಷಣ ಡ್ರೋನನ್ನು ಮೇಲಕ್ಕೆತ್ತಿದಳು. ಆದರೂ ರೆಕ್ಕೆಯ ತುದಿ ತಾಗಿ ಕರಿಯಾನ ಕಿವಿ ಹರಿಯಿತು.

"ಇಂಥಾ ಹುಚ್ಚ ನಾಯಿ ಊರಾಗ ಇರಬಾರ್ದು" ಎಂದು ಹೊಳೆಪ್ಪನವರು ಅಲ್ಲೇ ತೀರ್ಪು ಕೊಟ್ಟುಬಿಟ್ಟರು. "ಸೋಮವಾರ ಟ್ರ್ಯಾಕ್ಟರಿನ್ಯಾಗ ಹಾಕ್ಕೊಂಡು ಹೋಗಿ ದೂರ ಬಿಟ್ಟ ಬರೂಣು."

ಕುರಿ ಕಾಯುವ ಕೆಂಚವ್ವ ಹಾಗೆ ಹೆದರುವವಳಲ್ಲ. ನಾಯಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು ನಿಂತಳು.

"ಮುಟ್ಟಿ ನೋಡ್ರಿ ಇದನ್ನ! ನನ್ನ ಕುರಿ ಕಾಯೂದು ಇದು, ನನ್ನ ಬೆಳಿ ಕಾಯೂದು ಇದು. ಊರ ಬಿಟ್ಟ ಹೋಗೂದಿದ್ರ ಆ ಹಾರೂ ಯಂತ್ರ ಹೋಗ್ಲಿ!"

ಸವಿತಾಳಿಗೆ ಅಳು ಬಂದಿತ್ತು. ಆದರೆ ಅಳುತ್ತ ನಿಲ್ಲಲಿಲ್ಲ. ಶುದ್ಧ ನೀರಿನಿಂದ ಗಾಯ ತೊಳೆದು, ಒಗೆದ ಅರಿವೆ ಒತ್ತಿ ಹಿಡಿದಳು. ನೋವಾದ ನಾಯಿ ಯಾರನ್ನಾದರೂ ಕಚ್ಚಬಹುದು ಎಂದು ಕೆಂಚವ್ವನ ಕೈಯಲ್ಲೇ ಅದನ್ನು ಹಿಡಿಸಿದಳು. ಸಂಘದ ರಜಿಯಾಬಿ ಆಟೋ ಕರೆದು ತಂದಳು. ಮೂವರೂ ಕರಿಯಾನನ್ನು ದನದ ದವಾಖಾನೆಗೆ ಒಯ್ದು ಹೊಲಿಗೆ ಹಾಕಿಸಿಕೊಂಡು ಬಂದರು.

ಮರುದಿನ ಮುಂಜಾನೆ ಸವಿತಾ ಮತ್ತು ರಜಿಯಾಬಿ ಕೆಂಚವ್ವನ ಹೊಲಕ್ಕೆ ಹೋದರು. ಆಗಲೇ ಚಿಗರಿ ಜಿಂಕೆಗಳ ಹಿಂಡೊಂದು ಹೆಸರಿನ ಬೆಳೆಗೆ ಬಾಯಿ ಹಾಕಿತ್ತು. ಕೆಂಚವ್ವ ಬಾಯಲ್ಲಿ ಎರಡು ಬೆರಳಿಟ್ಟು ಸಿಳ್ಳೆ ಹೊಡೆದಳು, ಹಿಂದೆಯೇ "ಹುಯ್ಯೋ" ಎಂದು ಕೇಕೆ ಹಾಕಿದಳು. ಕಿವಿಗೆ ಪಟ್ಟಿ ಕಟ್ಟಿಕೊಂಡಿದ್ದರೂ ಕರಿಯಾ ಎದ್ದು ಓಡಿತು. ಚಿಗರಿಗಳು ಒಂದೇ ನೆಗೆತಕ್ಕೆ ಒಡ್ಡು ದಾಟಿದವು.

ಸವಿತಾ ನಿಂತಲ್ಲೇ ನಿಂತಳು.

"ಅತ್ತಿ, ಸಿಳ್ಳಿ ಹೊಡದ್ರ ಕರಿಯಾ ಓಡಬೇಕಂತ ನೀವ ಕಲಿಸೀರೇನು?"

"ಮತ್ತ ಇನ್ಯಾರ ಕಲಸ್ತಾರ? ಸಣ್ಣ ಮರಿ ಇದ್ದಾಗಿಂದ ಕಲಿಸೇನಿ. ಈ ಊರಾಗ ಎಲ್ಲಾರ ನಾಯಿಗೂ ಅದ ಪಾಠ."

"ಹಂಗಾರ ನಿನ್ನೆ ನಾವ ಅದನ್ನ ಡ್ರೋನ್ ಮ್ಯಾಲೆ ಬಿಟ್ಟಂಗಾತಲ್ಲ! ಎಲ್ಲಾರೂ ಕೂಡಿ ಸಿಳ್ಳಿ ಹೊಡದ್ವಿ, ಕೇಕಿ ಹಾಕಿದ್ವಿ."

ಕೆಂಚವ್ವ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಬಾಯಿ ಬಿಟ್ಟಳು. "ಖರೇನ ಬೇ. ಹೇಳಿದ ಕೆಲಸಾ ಮಾಡೇತಿ ನನ್ನ ಕರಿಯಾ. ಮಾಡಿದ್ದಕ್ಕ ಊರ ಬಿಡಸ್ತಾರಂತ!"

ನೋಡಿ, ನಮಗೆ ಸಿಟ್ಟು ಬರುವುದು ಇಲ್ಲೇ. ಹುಚ್ಚಾಟ ಆಡಿದವರು ನಾವು, ಹುಚ್ಚು ಎಂಬ ಹೆಸರು ಮಾತ್ರ ನಾಯಿಗೆ.

ಅಂದೇ ಸಂಜೆ ಮೂವರೂ ಹೊಳೆಪ್ಪನವರ ಕಟ್ಟೆಗೆ ಹೋದರು.

"ಕಾಕಾರ, ಕರಿಯಾನ್ನ ಟ್ರ್ಯಾಕ್ಟರ್ ಹತ್ತಿಸಿದ್ರ ನಾ ಈ ಊರಾಗ ಡ್ರೋನ್ ಮುಟ್ಟೂದಿಲ್ಲ" ಎಂದಳು ಸವಿತಾ.

"ನನಗ ಹೆದರಸ್ತೀಯೇನ ತಂಗಿ?"

"ಹೆದರಸೂದಿಲ್ರಿ, ಹೇಳಾಕತ್ತೇನಿ. ನಮ್ಮ ಸಿಳ್ಳಿ ಕೇಳೇ ಕರಿಯಾ ಓಡಿ ಬಂದದ್ದು. ಒಂದ ನಾಯಿ ಬಿಟ್ಟ ಬಂದ್ರ ಇನ್ನೊಂದ ಬರ್ತೈತಿ. ಊರ ನಾಯೆಲ್ಲಾ ಬಿಟ್ಟ ಬರ್ತೀರೇನು? ಚಿಗರಿ ನೀವ ಓಡಸ್ತೀರೇನು? ಸೋಮವಾರ ನಿಮ್ಮ ಉಳದ ಹೊಲದಾಗ ಇನ್ನೊಮ್ಮೆ ಹಾರಸ್ತೀನಿ. ಕರಿಯಾ ಊರಾಗ ಇರಲಿ. ಒಂದ ಕೂದಲಾ ಕೊಂಕಿದ್ರ ನೀವು ಹೇಳಿದ್ದ ಖರೆ."

ಕೆಂಚವ್ವ ನಡುವೆ ಬಾಯಿ ಹಾಕಿದಳು. "ನನ್ನ ಕೇಳಬ್ಯಾಡೇನ ಬೇ? ಇರೂ ಒಂದ ಕಿವೀನೂ ಹೋಗ್ಲಿ ಅಂತೇನು?"

"ಅದಕ್ಕ ಅದನ್ನ ನೀವ ಹಿಡ್ಕೋಬೇಕ್ರಿ ಅತ್ತಿ. ಹಗ್ಗಾ ಹಾಕಿ, ಕುರಿ ಕೂಡ, ಎರಡ ಹೊಲಾ ದಾಟಿ ನಿಲ್ರಿ. ಡ್ರೋನ್ ಇಳದು, ರೆಕ್ಕಿ ಪೂರಾ ನಿಂತ ಮ್ಯಾಲೆ ಬಿಡ್ರಿ. ಎಣ್ಣಿ ಹೊಡದ ಹೊಲಕ್ಕ ಮಾತ್ರ ಬಿಡಬ್ಯಾಡ್ರಿ. ಕಾಲಿಗೆ ಹತ್ತಿದ ಎಣ್ಣಿ ನೆಕ್ಕತೈತಿ."

"ಬ್ಯಾರೆ ನಾಯಿ ಬಂದ್ರ?" ಎಂದು ಹೊಳೆಪ್ಪನವರು ಕೊಕ್ಕೆ ಹಾಕಿದರು.

"ಅದಕ್ಕ ನಾ ಇದ್ದೀನ್ರಿ" ಎಂದಳು ರಜಿಯಾಬಿ. "ಎಲ್ಲಾರೂ ಮ್ಯಾಲೆ ನೋಡ್ರಿ. ನಾ ಬರೇ ನೆಲಾ ನೋಡ್ತೀನಿ. ನಾಯಿ ಕಂಡ್ರ ಸವಿತಾಗ ಹೇಳ್ತೀನಿ, ಆಕಿ ಇಳಸೂದಿಲ್ಲ."

ಸೋಮವಾರ ಬಂತು. ಹೊಳೆಪ್ಪನವರು ಟ್ರ್ಯಾಕ್ಟರನ್ನೂ ತರಿಸಿ ಒಡ್ಡಿನ ಬಾಜು ನಿಲ್ಲಿಸಿದರು. ಸವಿತಾ ಅದನ್ನು ನೋಡಿಯೂ ನೋಡದವಳಂತೆ ತನ್ನ ಕೆಲಸ ನೋಡಿಕೊಂಡಳು. ಈ ಸಲ ಬೇವಿನ ಗಿಡದ ಹತ್ತಿರ ಹೋಗಲಿಲ್ಲ. ಬುತ್ತಿ ಇಟ್ಟಲ್ಲಿ ರೊಟ್ಟಿಯ ಆಸೆಗೆ ನಾಯಿ ಬಂದು ಕೂರುವುದು ಇದ್ದದ್ದೇ. ಬಯಲು ಜಾಗದಲ್ಲಿ ನಾಲ್ಕು ಗೂಟ ನೆಟ್ಟು ಹಗ್ಗ ಸುತ್ತಿದಳು. ಆಚೆ ಇನ್ನೊಂದು ಜಾಗವನ್ನೂ ಹಾಗೆಯೇ ಸಜ್ಜು ಮಾಡಿದಳು. ಜನರನ್ನೆಲ್ಲ ದೂರ ಸರಿಸಿ, "ಯಾರೂ ಸಿಳ್ಳಿ ಹೊಡಿಬ್ಯಾಡ್ರಿ, ಚಪ್ಪಾಳಿ ಬ್ಯಾಡ, ಓಡಬ್ಯಾಡ್ರಿ" ಎಂದು ಕೈಮುಗಿದು ಹೇಳಿದಳು.

ಡ್ರೋನ್ ಎಣ್ಣೆ ಹೊಡೆದು ಮರಳಿತು. ಗಾಳಿಯಲ್ಲೇ ಕಾಯಬೇಕಾಗಬಹುದೆಂದು ಬ್ಯಾಟರಿ ಇನ್ನೂ ಸಾಕಷ್ಟು ಇರುವಾಗಲೇ ಸವಿತಾ ಅದನ್ನು ಕರೆಸಿದ್ದಳು. ಇನ್ನೇನು ಹಗ್ಗದೊಳಗೆ ಇಳಿಯಬೇಕು, ಎಲ್ಲಿತ್ತೋ ಏನೋ, ಒಂದು ಕಂದು ಬೀದಿನಾಯಿ ಜೋಳದ ಸೊಪ್ಪೆಯ ಬಣವೆಯ ಹಿಂದಿನಿಂದ ಓಡಿ ಬಂತು.

"ಸವಿತಾ, ನಾಯಿ! ಮ್ಯಾಲೆ!" ಎಂದಳು ರಜಿಯಾಬಿ.

ಡ್ರೋನ್ ಮೇಲೇರಿತು. ನಾಯಿ ಕೆಳಗೆ ನಿಂತು ಬೊಗಳಿತು. ಒಬ್ಬ ಮಣ್ಣಿನ ಹೆಂಟೆ ಎತ್ತಿಕೊಂಡ. "ಒಗಿಬ್ಯಾಡೋ, ಕೆರಳತೈತಿ!" ಎಂದು ರಜಿಯಾಬಿ ಗದರಿದಳು. ಸವಿತಾ ಅವಸರ ಮಾಡಲಿಲ್ಲ. ಡ್ರೋನನ್ನು ಎತ್ತರದಲ್ಲೇ ಆಚೆಯ ಜಾಗಕ್ಕೆ ಒಯ್ದಳು. ಯಾರೂ ಕೂಗಲಿಲ್ಲ, ಯಾರೂ ಓಡಲಿಲ್ಲ. ನಾಯಿಗೂ ಬೇಸರ ಬಂತು. ನೆಲ ಮೂಸುತ್ತ ತನ್ನ ದಾರಿ ಹಿಡಿಯಿತು. ಆಚೆ ಡ್ರೋನ್ ಮೆಲ್ಲಗೆ ಇಳಿಯತೊಡಗಿತು.

ಇಷ್ಟು ಚೆಂದ ಇಳಿಯುವುದನ್ನು ನೋಡಿ ಹೊಳೆಪ್ಪನವರಿಗೇ ತಡೆಯಲಾಗಲಿಲ್ಲ. ಎರಡು ಬೆರಳು ಬಾಯಿಗೆ ಹೋದವು.

"ಕಾಕಾರ! ಬಾಯಾಗಿನ ಬಳ್ಳ ತಗೀರಿ!" ಎಂದಳು ರಜಿಯಾಬಿ.

ಇಷ್ಟು ವರ್ಷ ಆ ದೊಡ್ಡ ಮನುಷ್ಯನಿಗೆ ಊರಲ್ಲಿ ಯಾರೂ ಹೀಗೆ ಹೇಳಿರಲಿಲ್ಲ. ಹೊಳೆಪ್ಪನವರು ಬೆರಳು ತೆಗೆದು ಧೋತರಕ್ಕೆ ಒರೆಸಿಕೊಂಡರು. ಡ್ರೋನ್ ನೆಲ ಮುಟ್ಟಿತು, ರೆಕ್ಕೆ ನಿಂತಿತು. ದೂರದಲ್ಲಿ ಕರಿಯಾ ಕುರಿಗಳ ನಡುವೆ ಮಲಗಿ ಆಕಳಿಸುತ್ತಿತ್ತು.

"ಟ್ರ್ಯಾಕ್ಟರ್ ಮನಿಗೆ ಹೊಡ್ಯೋ" ಎಂದು ಹೊಳೆಪ್ಪನವರು ಆಳಿಗೆ ಕೂಗಿದರು. ಆಮೇಲೆ ಸವಿತಾಳ ಕಡೆ ತಿರುಗಿ, "ಸೋತೆ ತಂಗಿ. ಆ ನಾಯಿ ಇಲ್ಲೇ ಇರಲಿ" ಎಂದರು.

ಕೆಂಚವ್ವ ನಾಯಿಯನ್ನು ಹಿಡಿದುಕೊಂಡೇ ಬಂದಳು. "ನಾಳೆ ನನ್ನ ಹೊಲಕ್ಕ ಬಾ ಬೇ ಸವಿತಾ. ಕೀಡಿ ಭಾಳ ಆಗೇತಿ. ಯಾವನರ ಸಿಳ್ಳಿ ಹೊಡದ್ರ ಅವನ್ನ ನಾ ನೋಡ್ಕೋತೀನಿ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಲ್ಲೂ ಡ್ರೋನ್ ಬರುತ್ತದೆ, ನಿಮ್ಮೂರಲ್ಲೂ ನಾಯಿಗಳಿವೆ. ಎರಡರಲ್ಲಿ ಒಂದು ಹೋಗಲಿ ಎನ್ನುವವರ ಮಾತು ಕೇಳಬೇಡಿ. ಹಾರಿಸುವ ಮುಂಚೆ ಸುತ್ತ ನಾಯಿ ಇದೆಯೇ ನೋಡಿ, ಇದ್ದರೆ ಅದರ ಧಣಿಗೆ ಹೇಳಿ ದೂರ ಹಿಡಿಸಿ. ನೆಲ ನೋಡಲೆಂದೇ ಒಬ್ಬರನ್ನು ನಿಲ್ಲಿಸಿ. ನಾಯಿ ಬಂದರೆ ಇಳಿಸಬೇಡಿ, ಮೇಲೆತ್ತಿ ಬೇರೆ ಕಡೆ ಇಳಿಸಿ. ಮಜಾಕ್ಕೆ ಡ್ರೋನನ್ನು ನಾಯಿಯ ಬೆನ್ನು ಹತ್ತಿಸುವವನ ಕೈಯಿಂದ ರಿಮೋಟ್ ಕಸಿದುಕೊಳ್ಳಿ, ಅವನು ಎಷ್ಟು ದೊಡ್ಡವನಾದರೂ ಸರಿ. ಈ ಗಲಾಟೆಯಲ್ಲಿ ನಾಯಿ ಯಾರಿಗಾದರೂ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ತಡೆಯುವ ಸೂಜಿ ಮಾಡಿಸಿಕೊಳ್ಳಿ.

ಈ ಕಾಗದವನ್ನು ಯಾವ ನಾಯಿಯೂ ಓದುವುದಿಲ್ಲ. ಓದಿದವರು ನೀವು. ನಾಳೆ ಹೊಲದಲ್ಲಿ ಏನಾದರೂ ಆದರೆ ಕೇಳುವುದು ನಿಮ್ಮನ್ನೇ.