ಮಲಗಿದ ಹನ್ನೊಂದು ಏಡಿಗಳು

ಕೆಸರಿನ ತೊಟ್ಟಿಯಲ್ಲಿ ಸತ್ತ ಹನ್ನೊಂದು ಏಡಿಗಳನ್ನು ಸಂಸ್ಥೆಯ ವರದಿಯಲ್ಲಿ ಬದುಕಿವೆ ಎಂದು ಬರೆಯಲಾಯಿತು.

ಆ ಕೆಸರು ಅಣುಸ್ಥಾವರದ ನೀರು ಕೊಲ್ಲಿಗೆ ಬೀಳುವ ಜಾಗದಿಂದ ತಂದದ್ದು. ಅದರಲ್ಲಿ ವಿಕಿರಣವಿತ್ತು. ಒಂದು ಗಾಜಿನ ತೊಟ್ಟಿಯ ತಳಕ್ಕೆ ಅದನ್ನು ಹಾಸಿದ್ದರು, ಪಕ್ಕದ ತೊಟ್ಟಿಗೆ ದೂರದ ಶುದ್ಧ ಕೆಸರು. ಎರಡರಲ್ಲೂ ಇಪ್ಪತ್ತಿಪ್ಪತ್ತು ಏಡಿ. ಹತ್ತು ವಾರ ಏನೂ ಆಗಲಿಲ್ಲವೆಂದರೆ ಸ್ಥಾವರದವರು ಇನ್ನಷ್ಟು ನೀರನ್ನು ಕೊಲ್ಲಿಗೆ ಬಿಡಬಹುದು. ಏಡಿಯಮ್ಮನ ತಮ್ಮ ಮುಳುಗು ಹಾಕಿ ಚಿಪ್ಪು ಆಯುವುದು ಅದೇ ಕೊಲ್ಲಿಯಲ್ಲಿ.

ಏಡಿಯಮ್ಮ ಎಂದರೆ ತೊಟ್ಟಿಗಳನ್ನು ನೋಡಿಕೊಳ್ಳುವಾಕೆ. ಆ ಹೆಸರಿಟ್ಟವಳು ಅವಳ ಅಕ್ಕನ ಮಗಳು, ಈ ಪ್ರಯೋಗದ ಸಂಶೋಧಕಿ.

"ಚಿಕ್ಕಮ್ಮ, ಮೂಲೆಯಲ್ಲಿರೋ ಆ ಎರಡು ಏಡಿ, ನಿನ್ನ ಬೀಗರು, ಇವತ್ತೂ ಜಗಳಾನಾ?"

"ಬೀಗರಲ್ವಾ, ಇನ್ನೇನು ಮುದ್ದಾಡ್ತಾರಾ? ಮೊದಲು ಕೈಗವಸು ಹಾಕ್ಕೋ. ದೊಡ್ಡ ವಿಜ್ಞಾನಿಯಂತೆ!"

ದಿನಾ ಬೆಳಿಗ್ಗೆ ಏಡಿಯಮ್ಮ ಒಂದೊಂದು ಏಡಿಯನ್ನೂ ಗಾಜಿನ ಕಡ್ಡಿಯಿಂದ ಮುಟ್ಟುವಳು. ಕಣ್ಣು ಆಡಿಸಿದರೆ ಪುಸ್ತಕದಲ್ಲಿ 'ಎದ್ದಿದೆ' ಎಂದು ಬರೆಯುವಳು. ಆಡಿಸದಿದ್ದರೆ, ಮತ್ತೆ ಮೂರು ಸಲ ಮುಟ್ಟಿ, 'ಮಲಗಿದೆ' ಎಂದು ಬರೆದು, ಚೀಲಕ್ಕೆ ಹಾಕಿ ಚೀಟಿ ಅಂಟಿಸಿ ಫ್ರೀಜರಿನಲ್ಲಿ ಇಡುವಳು.

ಆ ಮಾತು ಹಳೆಯದು. ಅಕ್ಕನ ಮಗಳಿಗೆ ಐದು ವರ್ಷವಿದ್ದಾಗ ಬಾಟಲಿಯಲ್ಲಿ ಸಾಕಿದ್ದ ಬಸವನಹುಳು ಸತ್ತಿತ್ತು. "ಮಲಗಿದೆ ಕಣೇ, ಸದ್ದು ಮಾಡ್ಬೇಡ" ಅಂದಿದ್ದಳು ಚಿಕ್ಕಮ್ಮ. ಮಗು ಮೂರು ದಿನ ತುದಿಗಾಲಲ್ಲಿ ಓಡಾಡಿತು. ಆಮೇಲೆ ಅವರ ಮನೆಯಲ್ಲಿ ಯಾವ ಪ್ರಾಣಿಯೂ ಸಾಯಲಿಲ್ಲ, ಮಲಗುತ್ತಿದ್ದವು ಅಷ್ಟೆ. ಬೆಳೆದು ಸಂಶೋಧಕಿಯಾದವಳಿಗೆ ಪುಸ್ತಕದಲ್ಲಿ ಆ ಪದ ಕಂಡಾಗ ನಗು ಬಂತು. ತಿದ್ದಲು ಮನಸ್ಸು ಬರಲಿಲ್ಲ.

ಹನ್ನೊಂದನೇ ವಾರ ನಿರ್ದೇಶಕರು ಇಬ್ಬರನ್ನೂ ಕೋಣೆಗೆ ಕರೆದರು. ಮೇಜಿನ ಮೇಲೆ ವರದಿ, ಪಕ್ಕದಲ್ಲಿ ಏಡಿಯಮ್ಮನ ಪುಸ್ತಕ.

"ಪೊರೆ ಬಿಟ್ಟ ಏಡಿ ಮೆತ್ತಗಾಗಿ ಮಲಗೇ ಇರುತ್ತಲ್ವಾ? ಇಲ್ಲೂ ಮಲಗಿದೆ ಅಂತಾನೇ ಇದೆ. ಸತ್ತಿದೆ ಅನ್ನೋ ಮಾತು ಎಲ್ಲೂ ಇಲ್ಲ."

ಸಂಶೋಧಕಿಯ ಮುಖ ಕೆಂಪಾಯಿತು. "ಸಾರ್, ಅದು ನಮ್ಮ ಮನೆ ಮಾತು. ನಾನೇ ತಿದ್ದಬೇಕಿತ್ತು. ತಪ್ಪು ನಂದು."

"ತಪ್ಪು ಅಂತ ಯಾರಮ್ಮ ಅಂದ್ರು? ಬಹಳ ಒಳ್ಳೇ ಮಾತು." ಅವರು ಏಡಿಯಮ್ಮನತ್ತ ಪೆನ್ನು ಚಾಚಿದರು. "ಮಲಗಿದೆ ಅಂದ್ರೆ ವಿಶ್ರಾಂತಿ ಅಂತ ಒಂದು ಸಾಲು ಬರೆದು ಸಹಿ ಹಾಕಿ. ನಿಮ್ಮ ಹುಡುಗಿ ಕೆಲಸಕ್ಕೂ ಒಳ್ಳೇದು."

ಏಡಿಯಮ್ಮ ಅಕ್ಕನ ಮಗಳನ್ನು ನೋಡಿದಳು. ಹುಡುಗಿ ಕಣ್ಣು ತಗ್ಗಿಸಲಿಲ್ಲ.

"ಸಾರ್, ಹನ್ನೊಂದೂ ಫ್ರೀಜರಲ್ಲಿವೆ," ಎಂದಳು ಏಡಿಯಮ್ಮ. "ಬೀಗರು ಇಬ್ಬರೂ ಅಲ್ಲೇ. ವಿಶ್ರಾಂತಿ ಆಗಿದ್ರೆ ನೀವೇ ಹೋಗಿ ಎಬ್ಬಿಸಿ."

"ತಮಾಷೆ ಸಾಕು. ಬರೀರಿ."

"ಐದು ವರ್ಷದ ಮಗು ಅಳಬಾರದು ಅಂತ ಆಡಿದ ಮಾತು ಸಾರ್ ಅದು. ನನ್ನ ತಮ್ಮನ್ನ ಆ ನೀರಿಗಿಳಿಸೋಕೆ ಅದನ್ನ ಕೊಡಲ್ಲ."

ಪೆನ್ನು ಅವರ ಕೈಯಲ್ಲೇ ಉಳಿಯಿತು.

"ಬರೆಯಲ್ಲ."