ಅರುವತ್ತೆರಡು ಮಂದಿ, ಗೈರು ಸೊನ್ನೆ

"ಧರ್ಮಪಾಲ, ನೀನು ಎಂತ ಮಾರಾಯ, ಮೂರನೇ ರಿವ್ಯೂವರಾ?"

"ಅಲ್ಲ ಸರ್. ಓದಿದ ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಅದಕ್ಕೆ ಹೇಳುತ್ತಾ ಇದ್ದೇನೆ."

"ನಾಲಗೆ ಹಿಡಿದು ಮಾತಾಡು!"

ಮೌರಿಸ್ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದರು. ಹೊರಗೆ ಟೈಪ್ ಮಾಡುತ್ತಿದ್ದ ಡಿಂಪಲ್ ಎದ್ದು ಬಂದು ಬಾಗಿಲು ಮುಚ್ಚಿದಳು. ಮುಚ್ಚಲಿ. ನನ್ನ ದನಿ ಬಾಗಿಲಿಗೆ ನಿಲ್ಲುವಂಥದ್ದಲ್ಲ.

ಮಣಿಪಾಲದ ಒಂದು ವೈದ್ಯಕೀಯ ಪತ್ರಿಕೆಯ ಆಫೀಸು ಅದು. ಅವರು ಸಂಪಾದಕರು, ನಾನು ಇಪ್ಪತ್ತೆರಡು ವರ್ಷದಿಂದ ಅಲ್ಲಿ ಸಹಾಯಕ. ಡಾಕ್ಟರುಗಳು ತಮ್ಮ ಸಂಶೋಧನೆ ಬರೆದು ಕಳಿಸುತ್ತಾರೆ. ಬರೆದವರ ಹೆಸರು ತೆಗೆದು, ಅದೇ ವಿಷಯ ತಿಳಿದ ಬೇರೆ ಇಬ್ಬರು ಡಾಕ್ಟರಿಗೆ ನಾನು ಅದನ್ನು ಕಳಿಸಬೇಕು. ಅವರನ್ನೇ ರಿವ್ಯೂವರ್ ಎನ್ನುವುದು. ಅವರು ಓದಿ, ಅಚ್ಚು ಮಾಡಬಹುದು ಅಥವಾ ಮಾಡಬಾರದು ಎಂದು ಬರೆಯುತ್ತಾರೆ. ಕೊನೆಯ ಮಾತು ಸಂಪಾದಕರದ್ದು. ನನ್ನ ಓದು ಕಾಪುವಿನ ಊರ ಶಾಲೆಯದ್ದು. ಈ ಪೇಪರುಗಳ ಇಂಗ್ಲಿಷ್ ನನಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಇಲ್ಲ. ಅಂಕಿಯ ಪಟ್ಟಿ ಮಾತ್ರ ಪೂರ್ತಿ ಅರ್ಥವಾಗುತ್ತದೆ.

ಈ ಪೇಪರು ಚರ್ಮರೋಗದ ಡಾಕ್ಟರ್ ಚೈತನ್ಯಾ ಎಂಬವರದ್ದು. ಮಲ್ಪೆಯಲ್ಲಿ ಮೀನು ಹಿಡಿಯುವ ಟ್ರಾಲ್ ಬೋಟಿನಲ್ಲಿ ದುಡಿಯುವವರ ಕೈ ಹುಣ್ಣಿಗೆ ಒಂದು ಮುಲಾಮು. ಮಂಜುಗಡ್ಡೆಯಲ್ಲಿ, ಉಪ್ಪುನೀರಿನಲ್ಲಿ ದಿನವಿಡೀ ಕೈ ನೆನೆದು ಬೆರಳ ಸಂದು ಬಿರಿಯುತ್ತದೆ, ಮೇಲಿಂದ ಮೀನಿನ ಮುಳ್ಳು ಚುಚ್ಚುತ್ತದೆ. ಆ ಹುಣ್ಣು ಎಂಟು ವಾರದಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ವಾಸಿಯಾಯಿತಂತೆ.

"ಎರಡನೇ ಪಟ್ಟಿ ನೋಡಿ ಸರ್," ಎಂದೆ. "ಅರುವತ್ತೆರಡು ಮಂದಿ. ಎಂಟು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ. ಗೈರು ಸೊನ್ನೆ. ಒಬ್ಬನೂ ತಪ್ಪಿಸಿಕೊಂಡಿಲ್ಲ."

"ಅದನ್ನೇ ರಿವ್ಯೂವರುಗಳು ಹೊಗಳಿದ್ದು. ಅಪರೂಪದ ಹಾಜರಿ ಅಂತ ಬರೆದಿದ್ದಾರೆ."

"ಒಬ್ಬರು ಚಂಡೀಗಢದವರು, ಇನ್ನೊಬ್ಬರು ಭೋಪಾಲದವರು. ಅವರು ಹೊಗಳುತ್ತಾರೆ. ನೀವು ಉಡುಪಿಯವರು. ಬೋಟಿನವರು ಅರುವತ್ತೆರಡು ಮಂದಿ ಹಗಲು ಹತ್ತು ಗಂಟೆಗೆ ಮನೆಯಲ್ಲಿ ಸಿಗುವುದು ಯಾವಾಗ? ಜೂನ್, ಜುಲೈ. ಸರಕಾರ ಬೋಟು ಇಳಿಸಲಿಕ್ಕೆ ಬಿಡದ ಎರಡು ತಿಂಗಳು. ಮೀನಿಲ್ಲ, ಮಂಜುಗಡ್ಡೆ ಇಲ್ಲ. ಮುಲಾಮು ಹಚ್ಚದವನ ಕೈಯೂ ಆಗ ವಾಸಿಯಾಗುತ್ತದೆ. ತೆಂಗಿನೆಣ್ಣೆ ಹಚ್ಚಿದರೂ ವಾಸಿ, ಏನೂ ಹಚ್ಚದಿದ್ದರೂ ವಾಸಿ!"

ಅವರು ಕನ್ನಡಕ ಹಾಕಿಕೊಂಡು ಪಟ್ಟಿ ನೋಡಿದರು. ಅವರಿಗೆ ಅರ್ಥವಾಯಿತು. ನನ್ನ ಸಿಟ್ಟು ಅದಕ್ಕೇ ಹೆಚ್ಚಾಯಿತು.

"ಪೇಪರಿನಲ್ಲಿ ತಿಂಗಳು ಬರೆದಿಲ್ಲ," ಎಂದರು. "ಒಂದನೇ ವಾರ, ಎಂಟನೇ ವಾರ ಅಂತ ಉಂಟು, ಅಷ್ಟೇ."

"ಒಂದೇ ಪ್ರಶ್ನೆ ಕಳಿಸಿ. ಯಾವ ತಿಂಗಳು ಅಂತ."

"ಕಳಿಸಿದರೆ ಪೇಪರು ತಿದ್ದುಪಡಿಗೆ ಹೋಗುತ್ತದೆ. ಒಂದು ತಿಂಗಳು. ಇದಕ್ಕೆ ರಿವ್ಯೂವರ್ ಹುಡುಕಲು ಹನ್ನೊಂದು ಮಂದಿಯ ಕಾಲು ಹಿಡಿದಿದ್ದೇನೆ, ಒಂಬತ್ತು ಮಂದಿ ಉತ್ತರವೇ ಕೊಡಲಿಲ್ಲ. ಎರಡು ಸಂಚಿಕೆ ಆಗಲೇ ತಡ. ಇದೂ ತಡವಾದರೆ ದಿಲ್ಲಿಯವರ ಮಾನ್ಯ ಪತ್ರಿಕೆಗಳ ಪಟ್ಟಿಯಿಂದ ನಮ್ಮ ಪತ್ರಿಕೆ ಹೊರಗೆ. ಆಮೇಲೆ ಒಂದು ನಾಯಿಯೂ ಇಲ್ಲಿಗೆ ಪೇಪರು ಕಳಿಸುವುದಿಲ್ಲ."

"ಅಲ್ಲಿ ಆಸ್ಪತ್ರೆಯಲ್ಲಿ ನನ್ನ ಭಾವನ ಬೆರಳು ಕಪ್ಪಾಗಿದೆ ಸರ್."

"ಅದೇ! ನಿನ್ನ ಭಾವ! ಸಂಬಂಧ ಇದ್ದವರು ಪೇಪರು ಮುಟ್ಟಬಾರದು ಅಂತ ಈ ಗೋಡೆಗೆ ಚೀಟಿ ಅಂಟಿಸಿದವನು ಯಾರು? ನೀನೇ ಅಲ್ವಾ?"

ನಾನೇ.

"ಸ್ವೀಕಾರದ ಪತ್ರ ಟೈಪ್ ಮಾಡು."

"ಮಾಡುವುದಿಲ್ಲ."

"ಸರಿ. ನಾನೇ ಕಳಿಸುತ್ತೇನೆ. ನೀನು ಮನೆಗೆ ಹೋಗು. ಸೋಮವಾರ ತಲೆ ತಣ್ಣಗೆ ಮಾಡಿಕೊಂಡು ಬಾ."

ರೂಪೇಶ ನನ್ನ ತಂಗಿ ಸುಂದರಿಯ ಗಂಡ. ನಾನು ಅವನಿಗೆ, ಅವನು ನನಗೆ, ಇಬ್ಬರೂ ಭಾವ ಎಂದೇ ಕರೆಯುವುದು. ಆ ಅರುವತ್ತೆರಡರಲ್ಲಿ ಒಬ್ಬ. ಸಕ್ಕರೆ ಕಾಯಿಲೆಯವನು. ಜುಲೈ ಕೊನೆಗೆ ಅವನ ಕೈ ಮಗುವಿನ ಕೈಯಂತೆ ಆಗಿತ್ತು. ಆಗಸ್ಟಿನಲ್ಲಿ ಬೋಟು ಹತ್ತಿದ. ಅಕ್ಟೋಬರಿನಲ್ಲಿ ಉಂಗುರ ಬೆರಳಿಗೆ ಮುಳ್ಳು ಚುಚ್ಚಿತು. ಡಾಕ್ಟರ ಬಳಿ ಹೋಗು ಎಂದರೆ ಮುಲಾಮು ಹಚ್ಚಿದ. ಬೆರಳು ಊದಿತು, ಇನ್ನೂ ಹಚ್ಚಿದ. ಮೈ ಸುಡುವ ಜ್ವರದಲ್ಲಿ ಉಡುಪಿಯ ಆಸ್ಪತ್ರೆಗೆ ಹೊತ್ತು ತಂದೆವು. ಬೆರಳು ತೆಗೆಯಬೇಕು, ಸೋಮವಾರಕ್ಕೆ ಕಾದರೆ ಅಂಗೈ ಹೋಗುತ್ತದೆ, ಇನ್ನೂ ಕಾದರೆ ಮನುಷ್ಯನೇ ಹೋಗುತ್ತಾನೆ ಎಂದು ಅಲ್ಲಿಯ ಸರ್ಜನ್ ಹೇಳಿದರು. ಸಹಿ ಹಾಕು ಎಂದರೆ ರೂಪೇಶ ಹಾಕಲಿಲ್ಲ.

"ಒಮ್ಮೆ ಅದರಲ್ಲೇ ವಾಸಿಯಾಗಿತ್ತಲ್ಲ ಭಾವ. ಬೆರಳಿಲ್ಲದೆ ಬಲೆ ಎಳೆಯುವುದು ಹೇಗೆ? ಆ ಮುಲಾಮಿನ ಪೇಪರು ನಿಮ್ಮ ಆಫೀಸಿಗೆ ಬಂದಿದೆ ಅಂತ ನೀನೇ ಹೇಳಿದೆ. ದೊಡ್ಡ ಡಾಕ್ಟರುಗಳು ಅದು ಸುಳ್ಳು ಎನ್ನಲಿ, ಆ ಕ್ಷಣ ಸಹಿ ಹಾಕುತ್ತೇನೆ."

ಪೇಪರಿನ ವಿಷಯ ಹೊರಗೆ ಬಾಯಿಬಿಟ್ಟದ್ದು ನನ್ನ ತಪ್ಪು. ಬಿಟ್ಟಾಗಿತ್ತು. ಈಗ ಅವನ ಬೆರಳು ನಮ್ಮ ಆಫೀಸಿನ ಮೇಜಿನ ಮೇಲಿತ್ತು.

ನಾನು ಮನೆಗೆ ಹೋಗಲಿಲ್ಲ. ಫೈಲಿನಿಂದ ಚೈತನ್ಯಾ ಅವರ ವಿಳಾಸ ಬರೆದುಕೊಂಡು ಕಾರ್ಕಳದ ಬಸ್ಸು ಹತ್ತಿದೆ. ಬರೆದವರನ್ನು ಆಫೀಸಿನವರು ಹೋಗಿ ಕಾಣಬಾರದು ಎಂಬ ಚೀಟಿಯೂ ಅದೇ ಗೋಡೆಯಲ್ಲಿ ಉಂಟು. ಇರಲಿ ಎಂದುಕೊಂಡೆ.

ಆನೆಕೆರೆಯ ಬಳಿ ಅವರ ಮನೆ. ಬಾಗಿಲು ತೆರೆದದ್ದು ಅವರೇ. ಇಪ್ಪತ್ತೆಂಟು, ಮೂವತ್ತು ವರ್ಷ. ಮುಖ ನೋಡಿದರೆ ಮೋಸ ಮಾಡುವ ಪೈಕಿ ಅಲ್ಲ.

"ನಾನು ಪತ್ರಿಕೆಯ ಆಫೀಸಿನವ. ನಿಮ್ಮ ಪೇಪರು ತಪ್ಪು," ಎಂದೆ. ಸುತ್ತಿ ಬಳಸಿ ಮಾತಾಡಲು ನನಗೆ ಬರುವುದಿಲ್ಲ.

"ಕೂತುಕೊಳ್ಳಿ. ಎಂತ ತಪ್ಪು?"

"ಮಲ್ಪೆಗೆ ಯಾವ ತಿಂಗಳು ಹೋದದ್ದು?"

"ಜೂನ್, ಜುಲೈ. ಆಗ ಮಾತ್ರ ನನಗೆ ಮಂಗಳವಾರ ಡ್ಯೂಟಿ ಇರಲಿಲ್ಲ."

"ಆಗ ಬೋಟು ಎಲ್ಲಿತ್ತು?"

ಅವರು ಯೋಚಿಸಿದರು. "ದಕ್ಕೆಯಲ್ಲಿ. ಬಂದರಿನ ಕಟ್ಟೆಗೆ ಸಾಲಾಗಿ ಕಟ್ಟಿದ್ದರು. ಮಂಗಳವಾರ ಅವರಿಗೆ ವಾರದ ರಜೆ ಅಂತ ನಾನು ತಿಳಿದುಕೊಂಡೆ."

"ಕಡಲಿಗೆ ವಾರದ ರಜೆಯಾ! ಬುಧವಾರ ಹೋಗಿದ್ದರೂ ಬೋಟು ಅಲ್ಲೇ ಇರುತ್ತಿತ್ತು. ಜೂನಿನಲ್ಲಿ ಮೀನು ಬಂದ್ ಅಂತ ಈ ಜಿಲ್ಲೆಯ ಬೆಕ್ಕಿಗೂ ಗೊತ್ತುಂಟು."

"ನಾವು ಜೈನರು," ಎಂದರು, ಬಹಳ ಸಣ್ಣ ದನಿಯಲ್ಲಿ. "ನಮ್ಮ ಮನೆಗೆ ಮೀನು ಬರುವುದಿಲ್ಲ. ಯಾವಾಗ ಸಿಗುತ್ತದೆ, ಯಾವಾಗ ಇಲ್ಲ, ನಾನು ಗಮನಿಸಿಯೇ ಇಲ್ಲ. ಅವರಲ್ಲಿ ಒಬ್ಬರೂ ಹೇಳಲಿಲ್ಲ."

ಯಾರು ಹೇಳುತ್ತಾರೆ? ಮಳೆಗಾಲದಲ್ಲಿ ಮಳೆ ಬರುತ್ತದೆ ಎಂದು ಡಾಕ್ಟರಿಗೆ ಯಾರಾದರೂ ಹೇಳುತ್ತಾರಾ? ಕೈ ಹೇಗುಂಟು ಎಂದು ಅವರು ಕೇಳಿದರು, ಒಳ್ಳೆಯದುಂಟು ಎಂದು ಬೋಟಿನವರು ಹೇಳಿದರು.

"ನನ್ನ ಥೀಸಿಸ್ ಪೂರ್ತಿ ಇದರ ಮೇಲೆ ನಿಂತಿದೆ," ಎಂದು ಅವರು ಕುರ್ಚಿಯ ಅಂಚಿಗೆ ಕೂತರು. ಕಣ್ಣಲ್ಲಿ ನೀರು ಬಂದಿತ್ತು. ಅಳಲಿ ಎಂದು ನಾನು ಬಿಡಲಿಲ್ಲ. ಮೊಬೈಲು ತೆಗೆದು ರೂಪೇಶನ ಬೆರಳಿನ ಫೋಟೋ ಮುಂದೆ ಹಿಡಿದೆ. ಅವರು ಅದನ್ನು ದೊಡ್ಡದು ಮಾಡಿ ನೋಡಿದರು. ಅಷ್ಟರಲ್ಲಿ ಕಣ್ಣೀರಿನ ಹುಡುಗಿ ಹೋಗಿ ಡಾಕ್ಟರು ಬಂದಿದ್ದರು.

"ಇದು ಇವತ್ತೇ ಆಗಬೇಕು. ಇನ್ನೂ ಯಾಕೆ ಕಾಯುತ್ತಿದ್ದೀರಿ?"

"ನಿಮ್ಮ ಮುಲಾಮಿಗೆ."

ಅವರು ಚೀಲ ತೆಗೆದುಕೊಂಡು ನನ್ನ ಜೊತೆ ಹೊರಟರು. ಬಸ್ಸಿನಲ್ಲಿ ಸೀಟು ಒಂದೇ ಇತ್ತು, ಅವರನ್ನು ಕೂರಿಸಿ ನಾನು ನಿಂತೆ.

"ಆಪರೇಷನ್ ಮಾಡಿಸಿ ಅಂತ ಹೇಳುತ್ತೇನೆ," ಎಂದರು. "ಮುಲಾಮು ಸುಳ್ಳು ಅಂತ ಹೇಳಲಾರೆ. ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಿಲ್ಲ ಅಂತ ಹೇಳಬಹುದು. ನಿಜ ಇರುವುದು ಅಷ್ಟೇ."

ಗೊತ್ತಿಲ್ಲ ಎಂಬ ಮಾತಿಗೆ ರೂಪೇಶ ಬೆರಳು ಕೊಡುವವನಲ್ಲ. ನಾನು ಮೇಲಿನ ಕಂಬಿ ಹಿಡಿದು ದಾರಿಯುದ್ದಕ್ಕೂ ಒಂದೇ ವಿಷಯ ಯೋಚಿಸಿದೆ. ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ಹೇಳಬೇಕಾದದ್ದು ಒಂದೇ ಶಬ್ದ. ಉಡುಪಿ ಮುಟ್ಟುವಾಗ ನಿರ್ಧಾರ ಆಗಿತ್ತು. ಅವರಿಗೆ ಅದನ್ನು ಮೊದಲೇ ತಿಳಿಸಬೇಕು ಎಂದು ನನಗೆ ಹೊಳೆಯಲಿಲ್ಲ. ಆ ಒಂದು ಬುದ್ಧಿ ಇದ್ದಿದ್ದರೆ!

ವಾರ್ಡಿನಲ್ಲಿ ವಾಸನೆ ಬಾಗಿಲಿಗೇ ಬರುತ್ತಿತ್ತು. ಪಕ್ಕದ ಮಂಚದವರು ಆಚೆ ತಿರುಗಿ ಮಲಗಿದ್ದರು. ಸುಂದರಿ ನನ್ನನ್ನು ಕಂಡು ಎದ್ದಳು.

"ಅಣ್ಣ, ಆರು ಗಂಟೆಗೆ ಆಪರೇಷನ್ ಥಿಯೇಟರು ಖಾಲಿ ಉಂಟಂತೆ. ಸಹಿ ಕೇಳಿ ಎರಡು ಸಲ ಬಂದರು."

ರೂಪೇಶ ದಿಂಬಿಗೆ ಒರಗಿ ಕೂತಿದ್ದ. ಕಣ್ಣು ಒಳಗೆ ಹೋಗಿತ್ತು. ತುಟಿಯಲ್ಲಿ ಮಾತ್ರ ಹಳೆಯ ನಗು.

"ಎಂತ ಭಾವ, ಬೆಳಿಗ್ಗೆಯಿಂದ ಪತ್ತೆ ಇಲ್ಲ? ನಿನ್ನ ಹೈಕೋರ್ಟು ಎಂತ ಹೇಳಿತು?"

"ತಿರಸ್ಕಾರ," ಎಂದೆ. "ಮುಲಾಮು ಪ್ರಯೋಜನ ಇಲ್ಲ ಅಂತ ಬರೆದಿದ್ದಾರೆ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ತಲೆಯಾಡಿಸಿದ. "ಸರಿ. ಆ ಕಾಗದ ಕೊಡು ಸುಂದರಿ."

ಸುಂದರಿ ಕಾಗದ, ಪೆನ್ನು ಕೊಟ್ಟಳು. ಎಡಗೈಯಲ್ಲಿ ಪೆನ್ನು ಹಿಡಿದ. ಬರೆಯುವ ಮೊದಲು ನನ್ನ ಹಿಂದೆ ನಿಂತವರನ್ನು ಕಂಡ.

"ಓಹೋ, ಮುಲಾಮಿನ ಡಾಕ್ಟ್ರಮ್ಮ! ನೀವೂ ಬಂದಿರಾ? ಪಾಪ, ನಿಮ್ಮದು ಫೇಲ್ ಅಂತೆ. ಹೌದಾ?"

ಚೈತನ್ಯಾ ನನ್ನ ಕಡೆ ತಿರುಗಿದರು. "ತಿರಸ್ಕಾರವಾ? ಯಾವಾಗ? ನೀವು ಬಸ್ಸಿನಲ್ಲಿ ಹೇಳಲಿಲ್ಲ!"

ನಾನು ಕಣ್ಣು ಸನ್ನೆ ಮಾಡಿದೆ. ಅವರು ನೋಡಲಿಲ್ಲ. ಚೀಲದಿಂದ ಫೋನು ತೆಗೆದಾಗಿತ್ತು.

"ಇಲ್ಲವಲ್ಲ... ಮೂರು ಇಪ್ಪತ್ತಕ್ಕೆ ಪತ್ರ ಬಂದಿದೆ. ಸ್ವೀಕರಿಸಿದ್ದಾರೆ."

ಹೇಳಿದ ಮೇಲೆ ಅವರಿಗೆ ತಿಳಿಯಿತು. ಬಾಯಿಗೆ ಕೈ ಇಟ್ಟುಕೊಂಡರು.

ರೂಪೇಶ ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ ಮುಚ್ಚಿದ.

"ರೂಪೇಶ್, ಕೇಳಿ," ಎಂದು ಅವರು ಮಂಚದ ಬಳಿ ಬಂದರು. "ತಪ್ಪು ನನ್ನದು. ನಾನು ಬಂದದ್ದು ಬೋಟು ನಿಂತಾಗ. ನಿಮ್ಮ ಕೈ ವಾಸಿಯಾದದ್ದು ರಜೆಯಿಂದ ಇರಬಹುದು. ಆ ಪೇಪರನ್ನು ನಾನು ವಾಪಸು ತೆಗೆದುಕೊಳ್ಳುತ್ತೇನೆ. ನೀವು ದಯವಿಟ್ಟು ಸಹಿ ಹಾಕಿ."

"ಭಾವ ನಿಮಗೂ ಹೇಳಿಕೊಟ್ಟು ಕರೆದುಕೊಂಡು ಬಂದನಾ ಡಾಕ್ಟ್ರಮ್ಮ?"

"ಇಲ್ಲ, ನಿಜ ಹೇಳುತ್ತಿದ್ದೇನೆ."

"ಅವನೂ ನಿಜ ಹೇಳಿದ, ಈಗಷ್ಟೇ." ಅವನು ನನ್ನ ಕಡೆ ನೋಡಿದ. "ಇಪ್ಪತ್ತೆರಡು ವರ್ಷ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗೆಲ್ಲ ಹೇಳಿದ್ದು ಯಾರು ಭಾವ? ಇಬ್ಬರು ದೊಡ್ಡ ಡಾಕ್ಟರು ಜರಡಿ ಹಿಡಿಯದೆ ನಮ್ಮಲ್ಲಿ ಒಂದು ಅಕ್ಷರ ಅಚ್ಚಾಗುವುದಿಲ್ಲ ಅಂತ. ನಾವು ಬಾಯಿ ತೆರೆದು ಕೇಳಿದ್ದೇವೆ. ಇವತ್ತು ಅವರು ಸರಿ ಎಂದರು, ನೀನು ತಪ್ಪು ಅಂತ ಬಂದು ಹೇಳುತ್ತೀಯಾ?"

"ಆ ಇಬ್ಬರೂ ಸಮುದ್ರ ಕಂಡವರಲ್ಲ ಮಾರಾಯ!"

"ನೀನು ಕಂಡಿದ್ದೀಯಾ? ಕುರ್ಚಿಯಲ್ಲಿ ಕೂತು?"

ಆಗ ನಾನು ಅವನ ಕಾಲು ಹಿಡಿಯಬೇಕಿತ್ತು. ಸುಂದರಿ ಹಿಡಿದಿದ್ದಳು. ನನ್ನ ತಲೆಗೆ ರಕ್ತ ಏರಿತು.

"ಹಾಗಾದರೆ ಸಾಯಿ!" ಎಂದು ಕಿರುಚಿದೆ. "ಮುಲಾಮು ಮೆತ್ತಿಕೊಂಡು ಸಾಯಿ, ಹಠಮಾರಿ!"

ರೂಪೇಶ ಕಾಲು ಕೆಳಗೆ ಇಳಿಸಿದ. ಎದ್ದು ನಿಂತಾಗ ವಾಲಿದ, ಮಂಚದ ಸರಳು ಹಿಡಿದು ಸರಿಯಾದ. ಎಡಗೈಗೆ ಹಾಕಿದ್ದ ಗ್ಲೂಕೋಸಿನ ನಳಿಗೆಯನ್ನು ಹಲ್ಲಲ್ಲಿ ಕಚ್ಚಿ ಎಳೆದ. ರಕ್ತ ಬಂತು. ಚೈತನ್ಯಾ ಹತ್ತಿ ಒತ್ತಲು ಹೋದರು, ಮೊಣಕೈಯಿಂದ ಅವರನ್ನು ಸರಿಸಿದ.

"ಸುಂದರಿ, ನೀನು ಅಣ್ಣನ ಮನೆಗೆ ಹೋಗು. ನಮ್ಮ ಬೋಟು ಇವತ್ತು ಸಂಜೆ ಹೊರಡುತ್ತದೆ, ಹತ್ತು ದಿನ. ಒಂದು ಕೈಯಲ್ಲಿ ಅಡುಗೆಯಾದರೂ ಮಾಡುತ್ತೇನೆ. ಟ್ಯೂಬು ನನ್ನ ಚೀಲದಲ್ಲಿ ಉಂಟು."

ನರ್ಸು ಅಡ್ಡ ಬಂದಳು, ಸರ್ಜನ್ನರನ್ನು ಕರೆಯುತ್ತೇನೆ, ನಿಲ್ಲಿ ಎಂದಳು. ಅವನು ನಿಲ್ಲಲಿಲ್ಲ. ಊದಿದ ಕೈಯನ್ನು ಎದೆಗೆ ಒತ್ತಿಕೊಂಡು ಗೋಡೆ ಹಿಡಿದು ನಡೆದ. ನಾನು ಹಿಂದೆ ಓಡಿದೆ, ಅಂಗಿ ಹಿಡಿದೆ. ತಪ್ಪಾಯ್ತು ಭಾವ ಎಂದೆ, ನಾಲ್ಕು ಸಲ ಎಂದೆ. ಅವನು ತಿರುಗಿ ನೋಡದೆ ಅಂಗಿ ಬಿಡಿಸಿಕೊಂಡ. ಗೇಟಿನ ಬಳಿ ಮಲ್ಪೆಯ ಬಸ್ಸು ನಿಧಾನ ಮಾಡಿತು. ಅವನು ಹತ್ತಿದ.

ನಾನು ಅದರ ಹಿಂದೆ ಬಂದ ಬಸ್ಸಿನಲ್ಲಿ ದಕ್ಕೆಗೆ ಹೋದೆ. ಬೋಟು ಅಳಿವೆ ದಾಟಿ ಕಡಲಿಗೆ ಇಳಿದಿತ್ತು. ಫೋನು ಮಾಡಿದೆ, ಹತ್ತಿರದ ಬೋಟಿನವರಿಂದ ವಯರ್‌ಲೆಸ್ಸಿನಲ್ಲಿ ಹೇಳಿಸಿದೆ. ಅವನು ಮಲಗಿದ್ದಾನೆ, ಮಾತಾಡುವುದಿಲ್ಲವಂತೆ ಎಂದರು.

ಆರು ಗಂಟೆಗೆ ಥಿಯೇಟರಿನವರು ಗಾಲಿಮಂಚ ತಂದರಂತೆ. ಚೈತನ್ಯಾ ಮತ್ತು ಸುಂದರಿ ಏಳು ಗಂಟೆಯವರೆಗೆ ರೂಪೇಶನ ಖಾಲಿ ಮಂಚದ ಬಳಿ ಕೂತಿದ್ದರು. ಆಮೇಲೆ ನರ್ಸು ಚಾದರ ಬದಲಿಸಿ, ಪೆರ್ಡೂರಿನಿಂದ ಬಂದ ಒಬ್ಬ ಮುದುಕನನ್ನು ಅಲ್ಲಿ ಮಲಗಿಸಿದಳು.